ಸುರಂಗದ ನೀರಲ್ಲಿ ಲೋಹ ಹುಡುಕಲು ಬಯೋಸೆನ್ಸರ್ ತರಿಸಬಹುದೇ?

ಪ್ರಶ್ನೆ: ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕ ಸಮೀಪ ಅಡಿಕೆ ತೋಟ. ಕುಡಿಯಲು ಗುಡ್ಡೆಯೊಳಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು. ಪಂಪು ಬೇಡ, ಪೈಪಿನಲ್ಲಿ ತಾನಾಗಿ ಇಳಿದು ಮನೆಗೆ ಬರುತ್ತದೆ. ತೋಟದ ನಡುವೆ ಕೆರೆ ಇದೆ, ಕಡು ಬೇಸಗೆಯಲ್ಲಿ ಅದರ ನೀರನ್ನೂ ಮನೆಗೆ ಬಳಸುತ್ತೇವೆ. ಅಜ್ಜನ ಕಾಲದಿಂದಲೂ ಅಡಿಕೆಗೆ ಮೈಲುತುತ್ತು (ಕಾಪರ್ ಸಲ್ಫೇಟ್) ಸುಣ್ಣದ ಮದ್ದು ಬಿಡುತ್ತಾ ಬಂದವರು ನಾವು. ಸುರಂಗದ ಬಾಯಲ್ಲಿ ಕೆಂಪು ಲೋಳೆ ಕಟ್ಟುತ್ತದೆ. ಇತ್ತೀಚೆಗೆ ವಾಶ್ ಬೇಸಿನ್‌ನಲ್ಲಿ ನೀಲಿ ಹಸಿರು ಕಲೆ ಕಾಣಿಸಿಕೊಂಡಿದೆ. ನೀರಲ್ಲಿ ಸೀಸ, ಪಾದರಸ, ತಾಮ್ರ ಇದ್ದರೆ ಹೊಳೆಯುವ ಬ್ಯಾಕ್ಟೀರಿಯಾದ ಬಯೋಸೆನ್ಸರ್ ಇದೆ, ತರಿಸೋಣ ಎನ್ನುತ್ತಾನೆ ಇಂಜಿನಿಯರಿಂಗ್ ಓದುವ ಮಗ. ತರಿಸಬಹುದೇ? ಅದರಲ್ಲಿ ಎಂಡೋಸಲ್ಫಾನ್ ಕೀಟನಾಶಕದ ಉಳಿಕೆಯೂ ತಿಳಿಯುತ್ತದೆಯೇ?

ಉತ್ತರ: ಕುಡಿಯುವ ನೀರು ಸರಿಯೋ ಅಲ್ಲವೋ ಎಂದು ತೀರ್ಮಾನಿಸುವುದಕ್ಕಾದರೆ ತರಿಸಬೇಡಿ. ಮಗನ ಕಲಿಕೆಗಾದರೆ ಧಾರಾಳವಾಗಿ ಕೈಹಾಕಲಿ, ಅದರ ಬಗ್ಗೆ ಕೊನೆಗೆ ಹೇಳುತ್ತೇನೆ. ನೀವು ಮೊದಲು ಕೊಳ್ಳಬೇಕಾದದ್ದು ನೀರಿನ ಹುಳಿ ಎಷ್ಟೆಂದು ತೋರಿಸುವ ಪಿ.ಎಚ್. ಕಾಗದದ ಒಂದು ಕಟ್ಟು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಮೈಲುತುತ್ತೂ ಅಲ್ಲ, ಕೆಂಪು ಲೋಳೆಯೂ ಅಲ್ಲ, ಬೇಸಿನ್ನಿನ ಆ ನೀಲಿ ಕಲೆ.

ಕಲೆಯ ಮಾತಿಗೆ ಬರುವ ಮುಂಚೆ ಈ ಸೆನ್ಸರ್ ಏನನ್ನು ನೋಡುತ್ತದೆ, ಏನನ್ನು ನೋಡುವುದಿಲ್ಲ ಎಂಬುದು ಗೊತ್ತಿರಬೇಕು. ಅಡಿಕೆ ಬೆಳೆಯುವವರಿಗೆ ಇದನ್ನು ವಿವರಿಸುವುದು ಸುಲಭ. ಮದ್ದು ಕೂಡಿಸಿದ ಮೇಲೆ ಡ್ರಮ್ಮಿಗೆ ಕತ್ತಿ ಅದ್ದಿ ನೋಡುತ್ತೀರಲ್ಲ? ಅಲಗಿನ ಮೇಲೆ ಕೆಂಪಗೆ ತಾಮ್ರ ಕೂತರೆ ಸುಣ್ಣ ಸಾಲದು ಎಂದು ಇನ್ನಷ್ಟು ಹಾಕುತ್ತೀರಿ. ಆ ಕತ್ತಿ ತೋರಿಸುವುದು ಡ್ರಮ್ಮಿನಲ್ಲಿರುವ ಒಟ್ಟು ತಾಮ್ರವನ್ನಲ್ಲ. 200 ಲೀಟರಿಗೆ 2 ಕೆ.ಜಿ. ಮೈಲುತುತ್ತು ಹಾಕಿದರೆ ಅದರಲ್ಲಿ ತಾಮ್ರವೇ ಸುಮಾರು ಅರ್ಧ ಕಿಲೋ. ಸುಣ್ಣ ಬೀಳುವ ಮೊದಲೂ ಅಷ್ಟೇ, ಬಿದ್ದ ಮೇಲೂ ಅಷ್ಟೇ. ಆದರೆ ಸುಣ್ಣ ಬಿದ್ದ ಮೇಲೆ ತಾಮ್ರ ನೀರಲ್ಲಿ ಬಿಡಿಯಾಗಿ ತಿರುಗುವುದಿಲ್ಲ, ಗಷ್ಟಾಗಿ ಕೂರುತ್ತದೆ. ಕತ್ತಿಗೆ ಸಿಗುವುದು ಬಿಡಿ ತಾಮ್ರ ಮಾತ್ರ. ಬ್ಯಾಕ್ಟೀರಿಯಾದ ಬಯೋಸೆನ್ಸರ್ ಕೂಡ ಕತ್ತಿಯ ಜಾತಿಯದೇ. ಅದರ ಕೋಶದೊಳಕ್ಕೆ ಹೊಕ್ಕ ಲೋಹಕ್ಕೆ ಮಾತ್ರ ಅದು ಉತ್ತರ ಕೊಡುತ್ತದೆ. ಕೆಸರಿಗೆ, ಕೊಳೆತ ಸೊಪ್ಪಿನ ಸಾರಕ್ಕೆ, ಸುಣ್ಣಕ್ಕೆ ಅಂಟಿಕೊಂಡ ಲೋಹ ಅದರ ಪಾಲಿಗೆ ಇಲ್ಲವೇ ಇಲ್ಲ.

ಬಯೋಸೆನ್ಸರ್ ಎಂದರೆ ಹೊಸ ವಸ್ತು ಎಂದು ತಿಳಿಯಬೇಡಿ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಬೆರಳಿಗೆ ಚುಚ್ಚಿ ನೋಡುವ ಗ್ಲುಕೋಮೀಟರ್ ಇರುತ್ತದೆ, ಅದೂ ಬಯೋಸೆನ್ಸರೇ. ಅದರ ಮೂಲ 1962ರಲ್ಲಿ ಅಮೆರಿಕದ ಲೆಲಾಂಡ್ ಕ್ಲಾರ್ಕ್ ಮುಂದಿಟ್ಟ ಎನ್‌ಜೈಮ್ (ಜೀವಿಗಳಲ್ಲಿ ರಾಸಾಯನಿಕ ಕ್ರಿಯೆ ನಡೆಸುವ ಪ್ರೋಟೀನು) ಎಲೆಕ್ಟ್ರೋಡ್. ಬೇಕಾದ ವಸ್ತುವನ್ನು ಗುರುತು ಹಿಡಿಯುವ ಒಂದು ಜೈವಿಕ ಭಾಗ, ಆ ಗುರುತನ್ನು ವಿದ್ಯುತ್ತಾಗಿಯೋ ಬಣ್ಣವಾಗಿಯೋ ಬೆಳಕಾಗಿಯೋ ಬದಲಿಸುವ ಇನ್ನೊಂದು ಭಾಗ, ಇಷ್ಟಿದ್ದರೆ ಬಯೋಸೆನ್ಸರ್. ಲೋಹ ಹಿಡಿಯುವುದಕ್ಕೆ ಈ ಜೈವಿಕ ಭಾಗವನ್ನು ಮುಖ್ಯವಾಗಿ ಮೂರು ಕಡೆಯಿಂದ ತಂದಿದ್ದಾರೆ.

ಮಗ ಹೇಳುವ ಹೊಳೆಯುವ ಬ್ಯಾಕ್ಟೀರಿಯಾದ ಕಥೆಯೇ ನನಗೆ ಎಲ್ಲಕ್ಕಿಂತ ಇಷ್ಟ. ಪಾದರಸ ಬಿದ್ದ ಜಾಗದಲ್ಲೂ ಬದುಕುವ ಬ್ಯಾಕ್ಟೀರಿಯಾಗಳಿವೆ. ಅವುಗಳೊಳಗೆ ಮೆರ್‌-ಆರ್ ಎಂಬ ಪ್ರೋಟೀನು ಡಿ.ಎನ್.ಎ. ಮೇಲೆ ಕೂತು ಕಾಯುತ್ತಿರುತ್ತದೆ. ಪಾದರಸ ಬಂದು ಅಂಟಿತೋ, ಅದು ಡಿ.ಎನ್.ಎ.ಯನ್ನು ತುಸು ತಿರುಚುತ್ತದೆ. ಆಗ ಮುಂದಿನ ಜೀನ್‌ಗಳು ಎಚ್ಚೆತ್ತು ವಿಷವನ್ನು ನಿವಾರಿಸುವ ಕೆಲಸಕ್ಕೆ ತೊಡಗುತ್ತವೆ. ವಿಜ್ಞಾನಿಗಳು ಮಾಡಿದ್ದು ಇಷ್ಟು: ಆ ಎಚ್ಚರಿಕೆಯ ಗುಂಡಿಯ ಹಿಂದೆ ಮಿಂಚುಹುಳದ ಅಥವಾ ಕಡಲಿನ ಹೊಳೆಯುವ ಬ್ಯಾಕ್ಟೀರಿಯಾದ ಬೆಳಕಿನ ಜೀನನ್ನು ಜೋಡಿಸಿದರು. ಪಾದರಸ ಬಂದರೆ ಬೆಳಕು. ಇಂಥದೇ ಕಾವಲು ಪ್ರೋಟೀನು ಬೇರೆಯವಕ್ಕೂ ಇದೆ: ತಾಮ್ರಕ್ಕೆ ಕರುಳಿನ ಬ್ಯಾಕ್ಟೀರಿಯಾ ಇ. ಕೋಲೈಯ ಕ್ಯೂ-ಆರ್, ಆರ್ಸೆನಿಕ್‌ಗೆ ಆರ್ಸ್‌-ಆರ್ ಇವೆ. ಸೀಸಕ್ಕೆ ಪಿ.ಬಿ.ಆರ್‌-ಆರ್ ಇದೆ. ಇದು ಬಂದದ್ದು 1976ರಲ್ಲಿ ಬೆಲ್ಜಿಯಂನ ಸತುವಿನ ಕಾರ್ಖಾನೆಯೊಂದರ ತೊಟ್ಟಿಯಲ್ಲಿ ಸಿಕ್ಕಿದ ಬ್ಯಾಕ್ಟೀರಿಯಾದಿಂದ.

ಎರಡನೆಯದು ಎನ್‌ಜೈಮ್. ಯೂರಿಯೇಸ್‌ನಂಥ ಎನ್‌ಜೈಮಿಗೆ ಪಾದರಸ, ತಾಮ್ರ, ಬೆಳ್ಳಿ ಅಂಟಿದರೆ ಅದು ಕೆಲಸ ನಿಲ್ಲಿಸುತ್ತದೆ. ಎಷ್ಟು ನಿಂತಿತು ಎಂದು ಅಳೆಯುತ್ತಾರೆ. ಅಗ್ಗ, ಸರಳ, ಆದರೆ ನಿಲ್ಲಿಸಿದವರು ಯಾರು ಎಂದು ಅದಕ್ಕೆ ತಿಳಿಯುವುದಿಲ್ಲ. ಮೂರನೆಯದು ಬರೀ ಡಿ.ಎನ್.ಎ. ಎಳೆ. ಡಿ.ಎನ್.ಎ.ಯ ನಾಲ್ಕು ಅಕ್ಷರಗಳಲ್ಲಿ ಒಂದು ಥೈಮಿನ್, ಅಂಥ ಎರಡರ ನಡುವೆ ಪಾದರಸ ಹೇಳಿ ಮಾಡಿಸಿದಂತೆ ಕೂರುತ್ತದೆ. ಸೀಸ ಸಿಕ್ಕಿದಾಗ ಮಾತ್ರ ಕತ್ತರಿಯಂತೆ ಕೆಲಸ ಮಾಡುವ ಡಿ.ಎನ್.ಎ.ಯೂ ಇದೆ, ಅದನ್ನು 2000ದ ಸುಮಾರಿಗೆ ಇಲಿನಾಯ್ ವಿಶ್ವವಿದ್ಯಾಲಯದ ಯಿ ಲು ಮತ್ತವರ ಸಂಗಡಿಗರು ಸೆನ್ಸರ್ ಆಗಿ ರೂಪಿಸಿದರು. ನಿಮ್ಮೂರ ಹವೆಗೆ ಮುಂದೊಂದು ದಿನ ಬಾಳಿಕೆ ಬಂದರೆ ಈ ಮೂರನೆಯ ಬಗೆಯೇ ಬಂದೀತು ಎಂದು ನನ್ನ ಅಂದಾಜು. ವರ್ಷಕ್ಕೆ 3,500 ಮಿ.ಮೀ. ಆಸುಪಾಸು ಮಳೆ ಸುರಿಯುವ, ಆಷಾಢದಲ್ಲಿ ಉಪ್ಪಿನ ಭರಣಿಯೂ ನೀರೊಡೆಯುವ ಜಾಗದಲ್ಲಿ ಒಣಗಿಸಿಟ್ಟ ಬ್ಯಾಕ್ಟೀರಿಯಾವನ್ನು ಜೋಪಾನ ಮಾಡುವುದು ಹುಡುಗಾಟವಲ್ಲ.

ಇನ್ನು ನಿಮ್ಮ ಮನೆಯಲ್ಲಿ ಇದು ಎಲ್ಲಿ ಎಡವುತ್ತದೆ ನೋಡಿ. ಮಳೆ ಹಿಡಿದ ಮೇಲೆ ಬಾವಿಗೆ, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಹಾಕುವುದು ನಮ್ಮಲ್ಲಿ ರೂಢಿ. ಆ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಸತ್ತದ್ದು ಹೊಳೆಯುವುದಿಲ್ಲ. ನೀವು 'ಲೋಹ ಇಲ್ಲ' ಎಂದು ಓದಿಕೊಳ್ಳುತ್ತೀರಿ. ಲೋಹ ವಿಪರೀತ ಇದ್ದರೂ ಇದೇ ಕಥೆ, ಬ್ಯಾಕ್ಟೀರಿಯಾ ಹೊಳೆಯುವ ಮೊದಲೇ ಸಾಯುತ್ತದೆ. ಅತ್ಯಂತ ಕೆಟ್ಟ ನೀರು ಅತ್ಯಂತ ಒಳ್ಳೆಯ ಫಲಿತಾಂಶ ಕೊಡಬಹುದಾದ ಪರೀಕ್ಷೆ ಇದು! ಇನ್ನೊಂದು, ಸೀಸ ಕ್ಯಾಡ್ಮಿಯಂಗಳಿಗೆಂದು ಬಳಸುವ ಜೆಡ್‌-ಎನ್‌-ಟಿ-ಆರ್‌ನಂಥ ಪ್ರೋಟೀನು ಸತುವಿಗೂ ಎದ್ದು ನಿಲ್ಲುತ್ತದೆ. ಮನೆಯಲ್ಲಿ ಜಿ.ಐ. ಪೈಪು ಇದ್ದರೆ ಅದರ ಸತು ಲೇಪವೇ ನಿಮ್ಮನ್ನು ಹೆದರಿಸಲು ಸಾಕು.

ಇದಕ್ಕಿಂತ ದೊಡ್ಡ ತೊಡಕು ಬಿಡಿ ಲೋಹ, ಒಟ್ಟು ಲೋಹದ್ದು. ನೀರಿನ ಮಾನದಂಡ ಬರೆದಿರುವುದು ಒಟ್ಟು ಲೋಹಕ್ಕೆ. ಕೆಸರಿಗೆ ಅಂಟಿದ ಸೀಸವನ್ನು ಬ್ಯಾಕ್ಟೀರಿಯಾ ಕಾಣದಿರಬಹುದು, ಆದರೆ ನೀವು ಕುಡಿದಾಗ ಹೊಟ್ಟೆಯ ಆಮ್ಲ ಅದನ್ನು ಬಿಡಿಸಿಕೊಳ್ಳುತ್ತದೆ. ಆದ್ದರಿಂದ ಕುಡಿಯುವ ನೀರಿಗೆ ಪ್ರಯೋಗಾಲಯದ ಒಟ್ಟು ಲೆಕ್ಕವೇ ಪ್ರಮಾಣ. ತೋಡಿನ (ಹಳ್ಳದ) ಮೀನಿಗೆ ಏನಾಗುತ್ತದೆ ಎಂಬ ಪ್ರಶ್ನೆಗಾದರೆ ಮಾತು ಬೇರೆ. ಮೀನಿನ ಕಿವಿರಿಗೆ ತಗಲುವುದು ಬಿಡಿ ತಾಮ್ರ, ಅಲ್ಲಿ ಬಯೋಸೆನ್ಸರ್ ಹೇಳಿದ್ದೇ ಹೆಚ್ಚು ನಿಜ.

ಅಂಕಿಗಳನ್ನೂ ನೋಡಿ. ಭಾರತೀಯ ಮಾನದಂಡ ಐ.ಎಸ್. 10500ರ ಪ್ರಕಾರ ಲೀಟರಿಗೆ ಸೀಸ 0.01 ಮಿಲಿಗ್ರಾಂ, ಪಾದರಸ 0.001, ಕ್ಯಾಡ್ಮಿಯಂ 0.003 ಮೀರಬಾರದು. ತಾಮ್ರ 0.05 ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಸೀಸದ ಆ ಮಿತಿ ಎಂದರೆ ಒಂದು ಲಕ್ಷ ಲೀಟರ್ ನೀರಿಗೆ ಒಂದು ಗ್ರಾಂ. ಇಷ್ಟು ಸೂಕ್ಷ್ಮವನ್ನು ಒಳ್ಳೆಯ ಪ್ರಯೋಗಾಲಯದಲ್ಲಿ, ಶುದ್ಧ ನೀರಿನಲ್ಲಿ ಬಯೋಸೆನ್ಸರ್ ಹಿಡಿದದ್ದುಂಟು. ಅಡುಗೆಮನೆಯ ಕಟ್ಟೆಯ ಮೇಲೆ ಹಿಡಿಯುತ್ತದೆ ಎಂದು ಯಾರಾದರೂ ಹೇಳಿದರೆ, ಯಾವ ಲೋಹ, ಎಷ್ಟು ಕಡಿಮೆಯವರೆಗೆ ಎಂದು ಬರೆದುಕೊಡಲು ಕೇಳಿ. ಆನ್‌ಲೈನ್‌ನಲ್ಲಿ 'ಹೆವಿ ಮೆಟಲ್ ಟೆಸ್ಟ್' ಎಂದು ಸಿಗುವ ಬಣ್ಣದ ಪಟ್ಟಿಗಳಲ್ಲಿ ಬಹುತೇಕವು ಬಯೋಸೆನ್ಸರೇ ಅಲ್ಲ, ರಾಸಾಯನಿಕ ಬಣ್ಣದ ಕಾಗದ.

ಹಾಗಾದರೆ ಇದು ದಂಡವೇ? ಅಲ್ಲ. ವಿಯೆಟ್ನಾಂ, ಬಾಂಗ್ಲಾದೇಶಗಳಲ್ಲಿ ಆರ್ಸೆನಿಕ್ ಹಿಡಿಯುವ ಬ್ಯಾಕ್ಟೀರಿಯಾವನ್ನು ಹಳ್ಳಿಯ ಕೊಳವೆಬಾವಿಗಳ ನೀರಿಗೆ ಹಚ್ಚಿ ನೋಡಿದ್ದಾರೆ. ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದವರು 2020ರಲ್ಲಿ ರೋಸಲಿಂಡ್ ಎಂಬ, ಜೀವಂತ ಕೋಶವೇ ಇಲ್ಲದ, ಒಣಪುಡಿಗೆ ನೀರು ಹನಿಸಿದರೆ ಹೊಳೆಯುವ ಸೆನ್ಸರನ್ನು ಪ್ರಕಟಿಸಿದರು, ಅದು 17 ಬಗೆಯ ಕಲ್ಮಷಗಳಿಗೆ ಸ್ಪಂದಿಸುತ್ತಿತ್ತು. ಸಾವಿರಾರು ಬಾವಿಗಳಲ್ಲಿ ಯಾವುದನ್ನು ಮೊದಲು ಪ್ರಯೋಗಾಲಯಕ್ಕೆ ಕಳಿಸಬೇಕು ಎಂದು ಜರಡಿ ಹಿಡಿಯಲು ಇವು ಯೋಗ್ಯ. ನಿಮ್ಮದು ಒಂದು ಸುರಂಗ, ಒಂದು ಕೆರೆ. ಜರಡಿ ಹಿಡಿಯಲು ಏನಿದೆ?

ಈಗ ಮನೆಗೆ ಬರೋಣ. ಸುರಂಗದ ಬಾಯ ಕೆಂಪು ಲೋಳೆ ಕಬ್ಬಿಣದ ಬ್ಯಾಕ್ಟೀರಿಯಾದ ಕೆಲಸ. ಮುರಕಲ್ಲಿನ (ಜಂಬಿಟ್ಟಿಗೆಯ) ಒಳಗೆ ಗಾಳಿ ತಗಲದೆ ಕರಗಿದ್ದ ಕಬ್ಬಿಣ ಹೊರಗೆ ಬಂದು ಗಾಳಿ ಸೋಕಿದಾಗ ತುಕ್ಕಾಗುತ್ತದೆ, ಆ ಬದಲಾವಣೆಯಲ್ಲೇ ಈ ಜೀವಿಗಳ ಹೊಟ್ಟೆಪಾಡು. ನೀರ ಮೇಲೆ ಎಣ್ಣೆಯಂತೆ ಹೊಳೆಯುವ ಪೊರೆ ಕಂಡರೆ ಕಡ್ಡಿಯಲ್ಲಿ ಮುಟ್ಟಿ ನೋಡಿ. ಚೂರುಚೂರಾಗಿ ಒಡೆದರೆ ಕಬ್ಬಿಣ, ಒಡೆದದ್ದು ಮತ್ತೆ ಕೂಡಿಕೊಂಡರೆ ಎಣ್ಣೆ. ಲೋಳೆಯಿಂದ ಬಟ್ಟೆಗೆ ಕಲೆ, ಬಾಯಿಗೆ ಒಗರು, ಅಷ್ಟೇ. ಒಂದು ಎಚ್ಚರಿಕೆ ಮಾತ್ರ: ಇಂಥ ತುಕ್ಕಿಗೆ ಸೀಸ, ಆರ್ಸೆನಿಕ್, ತಾಮ್ರಗಳನ್ನು ಹಿಡಿದಿಟ್ಟುಕೊಳ್ಳುವ ಗುಣ ಇದೆ. ಅದನ್ನು ಕೆದಕಿ ಟ್ಯಾಂಕಿಗೆ ಇಳಿಯಲು ಬಿಡಬೇಡಿ, ಹೊರಗೆ ತೋಡಿ ಹಾಕಿ.

ನೀಲಿ ಕಲೆ ಹಾಗಲ್ಲ. ನೀರಲ್ಲಿ ತಾಮ್ರ ಲೀಟರಿಗೆ 1 ಮಿಲಿಗ್ರಾಂ ದಾಟಿದರೆ ಪಿಂಗಾಣಿಯ ಮೇಲೆ ಇಂಥ ಕಲೆ ಕೂರಲು ಶುರುವಾಗುತ್ತದೆ. ಈ ತಾಮ್ರ ತೋಟದಿಂದ ಬಂದದ್ದಲ್ಲ ಎಂದು ನಾನು ಹೆಚ್ಚುಕಡಿಮೆ ಖಚಿತವಾಗಿ ಹೇಳಬಲ್ಲೆ. ನಿಮ್ಮ ಸುರಂಗ ತೋಟಕ್ಕಿಂತ ಮೇಲಿದೆ, ಇಲ್ಲದಿದ್ದರೆ ನೀರು ತಾನಾಗಿ ಇಳಿದು ಬರುತ್ತಿರಲಿಲ್ಲ. ಮೈಲುತುತ್ತು ಗುಡ್ಡೆ ಹತ್ತುವುದಿಲ್ಲ. ಹಾಗಾದರೆ ತಾಮ್ರ ಇರುವುದು ಮನೆಯೊಳಗೇ: ಗೀಸರಿನ ತಾಮ್ರದ ಕೊಳವೆ, ಸೋಲಾರ್ ಹೀಟರ್, ಹಿತ್ತಾಳೆಯ ನಲ್ಲಿ, ವಾಲ್ವು. ಇತ್ತೀಚೆಗೆ ಕಾಣಿಸಿತು ಎಂದು ಬರೆದಿದ್ದೀರಿ. ಇವುಗಳಲ್ಲಿ ಯಾವುದನ್ನು ಇತ್ತೀಚೆಗೆ ಹಾಕಿಸಿದಿರಿ, ನೆನಪು ಮಾಡಿಕೊಳ್ಳಿ.

ಅದನ್ನು ಕರಗಿಸುವುದು ನೀರಿನ ಹುಳಿ. ಮುರಕಲ್ಲು ಗುಡ್ಡೆಯ ನೀರಿನಲ್ಲಿ ಸುಣ್ಣದ ಅಂಶ ತೀರ ಕಡಿಮೆ, ಮಣ್ಣಿನ ಇಂಗಾಲದ ಡೈ ಆಕ್ಸೈಡ್ ಕರಗಿ ಅದು ಆಮ್ಲದ ಕಡೆ ವಾಲಿರುತ್ತದೆ. ಮಾನದಂಡ ಕೇಳುವುದು 6.5ರಿಂದ 8.5ರವರೆಗಿನ ಪಿ.ಎಚ್. ನಮ್ಮ ಕರಾವಳಿಯ ಬಾವಿ, ಸುರಂಗಗಳಲ್ಲಿ 6ಕ್ಕಿಂತ ಕೆಳಗೆ ಇರುವುದು ಅಪರೂಪವೇನಲ್ಲ. ಪಿ.ಎಚ್. ಕಾಗದ ಕೊಳ್ಳಿ ಎಂದದ್ದು ಇದಕ್ಕೆ. ಲವಣ ಕಡಿಮೆ ಇರುವ ನೀರಿನಲ್ಲಿ ಕಾಗದದ ಬಣ್ಣ ನಿಲ್ಲಲು ಸ್ವಲ್ಪ ಹೊತ್ತು ಬೇಕು, ಅದ್ದಿದ ತಕ್ಷಣ ಓದಿಬಿಡಬೇಡಿ.

ತಾಮ್ರಕ್ಕೆ ನಾನು ಅಷ್ಟು ಹೆದರುವುದಿಲ್ಲ. ಹೆಚ್ಚಾದರೆ ಹೊಟ್ಟೆ ತೊಳಸುತ್ತದೆ, ಬಾಯಿ ಕಹಿಯಾಗುತ್ತದೆ, ಬೇಸಿನ್ನಿನಲ್ಲಿ ಬರೆದು ತೋರಿಸುತ್ತದೆ. ಸೀಸಕ್ಕೆ ಬಣ್ಣವೂ ಇಲ್ಲ, ರುಚಿಯೂ ಇಲ್ಲ. ಸಾಧಾರಣ ಹಿತ್ತಾಳೆಯ ನಲ್ಲಿಗಳಲ್ಲಿ ಸೀಸ ಬೆರೆತಿರುತ್ತದೆ, ಹಳೆಯ ಪಿ.ವಿ.ಸಿ. ಪೈಪುಗಳಲ್ಲಿ ಸೀಸದ ಸ್ಥಿರಕ ಬಳಸುತ್ತಿದ್ದರು. ಅದನ್ನು ನಿಲ್ಲಿಸುವ ಕೇಂದ್ರದ ನಿಯಮ ಬಂದದ್ದು 2021ರಲ್ಲಿ. ತಾಮ್ರವನ್ನು ಕರಗಿಸುವ ಹುಳಿ ನೀರು ಸೀಸವನ್ನು ಬಿಟ್ಟೀತೇ? ಸೀಸಕ್ಕೆ 'ಇಷ್ಟಾದರೆ ತೊಂದರೆಯಿಲ್ಲ' ಎನ್ನುವ ಮಟ್ಟವೇ ಇಲ್ಲ, ಅದು ಹೊಡೆಯುವುದು ಮಕ್ಕಳ ಮೆದುಳಿಗೆ. ಮನೆಯಲ್ಲಿ ಚಿಕ್ಕ ಮಕ್ಕಳೋ ಬಸುರಿಯೋ ಇದ್ದರೆ ಪರೀಕ್ಷೆಯ ವರದಿ ಬರುವವರೆಗೆ ಕಾಯದೆ ಇಷ್ಟು ಮಾಡಿ: ರಾತ್ರಿಯಿಡೀ ಪೈಪಿನಲ್ಲಿ ನಿಂತ ನೀರನ್ನು ಬೆಳಗ್ಗೆ ಗಿಡಕ್ಕೆ ಬಿಟ್ಟು, ನಲ್ಲಿ ತಣ್ಣಗಾಗುವವರೆಗೆ ಹರಿಸಿ, ಆಮೇಲೆ ಹಿಡಿದುಕೊಳ್ಳಿ. ಗೀಸರಿನ ಬಿಸಿನೀರನ್ನು ಅಡುಗೆಗೆ ತೆಗೆದುಕೊಳ್ಳಲೇಬೇಡಿ. ತಾಮ್ರದ ತಂಬಿಗೆಯಲ್ಲಿ ರಾತ್ರಿ ನೀರಿಟ್ಟು ಕುಡಿಯುವ ಅಭ್ಯಾಸ ಇದ್ದರೆ, ಪಿ.ಎಚ್. ಸರಿಯಾಗುವವರೆಗೆ ಅದಕ್ಕೂ ರಜೆ ಕೊಡಿ. ಕಿಲುಬು ಹಿಡಿದ ಪಾತ್ರೆಯಲ್ಲಂತೂ ಬೇಡವೇ ಬೇಡ.

ಪಿ.ಎಚ್. ಕಡಿಮೆ ಎಂದು ಖಚಿತವಾದರೆ ಪರಿಹಾರ ಅಗ್ಗದ್ದು. ಟ್ಯಾಂಕಿಗೆ ಬರುವ ದಾರಿಯಲ್ಲಿ ಸುಣ್ಣಕಲ್ಲಿನ ಜಲ್ಲಿ ತುಂಬಿದ ಒಂದು ಚಿಕ್ಕ ತೊಟ್ಟಿ ಇಟ್ಟು ನೀರನ್ನು ಅದರ ಮೂಲಕ ಹಾಯಿಸಿದರೆ ಹುಳಿ ಇಳಿಯುತ್ತದೆ. ಕಲ್ಲು ಕರಗುತ್ತ ಹೋದಂತೆ ಮೇಲಿಂದ ತುಂಬುತ್ತಿರಬೇಕು. ಆರ್.ಒ. ಯಂತ್ರ ಮಾರುವವರು ಬಂದು ನೀರಲ್ಲಿ ಕರಗಿದ ಒಟ್ಟು ಲವಣ ತೋರಿಸುವ ಟಿ.ಡಿ.ಎಸ್. ಪೆನ್ನು ಅದ್ದುತ್ತಾರೆ, ಎರಡು ಸರಳು ಇಳಿಸಿ ಕರೆಂಟು ಕೊಟ್ಟು ನೀರನ್ನು ಕಂದು ಬಣ್ಣಕ್ಕೆ ತಿರುಗಿಸಿ 'ನೋಡಿ ನಿಮ್ಮ ನೀರಿನ ವಿಷ' ಎನ್ನುತ್ತಾರೆ. ಆ ಕಂದು ಅವರದೇ ಕಬ್ಬಿಣದ ಸರಳಿನದು. ಟಿ.ಡಿ.ಎಸ್. ಪೆನ್ನಿಗೆ ಒಂದು ಲಕ್ಷ ಲೀಟರಿನ ಒಂದು ಗ್ರಾಂ ಸೀಸ ಯಾವ ಜನ್ಮಕ್ಕೂ ಕಾಣದು. ಸುರಂಗದ ನೀರಲ್ಲಿ ಲವಣ ಮೊದಲೇ ಕಡಿಮೆ, ಅದನ್ನೂ ಆರ್.ಒ. ತೆಗೆದುಬಿಟ್ಟರೆ ನೀರು ಇನ್ನಷ್ಟು ಲೋಹ ಕರಗಿಸುವ ಹಸಿವಿನಲ್ಲಿರುತ್ತದೆ.

ತೋಟದ ಕೆರೆಗೆ ಬೇರೆ ಲೆಕ್ಕ. ಕೊಳೆರೋಗಕ್ಕೆಂದು ಮಳೆಗಾಲದ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಬಿಟ್ಟ ಮದ್ದಿನ ತಾಮ್ರ ಎಲ್ಲಿಗೂ ಹೋಗುವುದಿಲ್ಲ, ಕೊಳೆಯುವುದಿಲ್ಲ, ತಲೆಮಾರುಗಳಿಂದ ಮೇಲ್ಮಣ್ಣಿನಲ್ಲಿ ಸೇರುತ್ತಲೇ ಇದೆ. ಮುರಕಲ್ಲಿನ ಮಣ್ಣೂ ಸೊಪ್ಪಿನ ಗೊಬ್ಬರವೂ ಅದನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುವುದು ನಮ್ಮ ಪುಣ್ಯ. ಕೆರೆಗೆ ಸೇರುವುದು ಮುಖ್ಯವಾಗಿ ಮಳೆಯಲ್ಲಿ ಕೊಚ್ಚಿ ಬಂದ ಕೆಸರಿನ ಜೊತೆ, ಮತ್ತು ಡ್ರಮ್ಮು ತೊಳೆಯುವಾಗ. ಸುಣ್ಣ ಹಾಕದ ಮೈಲುತುತ್ತಿನ ನೀರನ್ನು ಕೆರೆಯಂಚಿನಲ್ಲಿ ಚೆಲ್ಲುವುದಿದೆಯಲ್ಲ, ಅದು ಬಿಡಿ ತಾಮ್ರ, ಮೆದು ನೀರಿನ ಮೀನಿಗೆ ನೇರ ಏಟು. ತೊಳೆದ ನೀರನ್ನೂ ಸುಣ್ಣದ ಗಷ್ಟಿಗೆ ಸೇರಿಸಿ ತೋಟದ ಒಣಜಾಗದಲ್ಲಿ ಚೆಲ್ಲಿ. ಬೇಸಗೆಯಲ್ಲಿ ಮನೆಗೆ ಬಳಸುವುದಾದರೆ ಕದಡಿದ ನೀರು ಬೇಡ, ತಳದ ಹೂಳು ಎಬ್ಬಿಸದೆ ಮೇಲಿನ ತಿಳಿಯನ್ನು ತೆಗೆಯಿರಿ. ಮಣ್ಣಿನ ತಾಮ್ರ ಪರೀಕ್ಷೆಗೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿ.ಪಿ.ಸಿ.ಆರ್.ಐ. ಆವರಣದ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಎಂಡೋಸಲ್ಫಾನ್ ಬಗ್ಗೆ ಕೇಳಿದ್ದೀರಿ, ಕೇಳದಿರಲು ಸಾಧ್ಯವೂ ಇಲ್ಲ. ಎಣ್ಮಕಜೆ ಕಡೆಯ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ಸುರಿಸಿದ್ದು ನಿಂತದ್ದು 2000ದಲ್ಲಿ, ಸುಪ್ರೀಂ ಕೋರ್ಟಿನ ದೇಶವ್ಯಾಪಿ ತಡೆ ಬಂದದ್ದು 2011ರಲ್ಲಿ. ಅದು ಲೋಹವಲ್ಲ, ಇಂಗಾಲ ಕ್ಲೋರಿನ್‌ಗಳಿರುವ ರಾಸಾಯನಿಕ ಕೀಟನಾಶಕ. ಲೋಹದ ಸೆನ್ಸರ್ ಅದನ್ನು ಕಾಣುವುದಿಲ್ಲ. ಕೀಟನಾಶಕಕ್ಕೆಂದೇ ಇರುವ ಅಸಿಟೈಲ್‌ಕೋಲಿನೆಸ್ಟರೇಸ್ ಬಯೋಸೆನ್ಸರ್ ಕೂಡ ಆರ್ಗನೋಫಾಸ್ಫೇಟ್, ಕಾರ್ಬಮೇಟ್ ಗುಂಪಿನವನ್ನು ಹಿಡಿಯುತ್ತದೆ, ಎಂಡೋಸಲ್ಫಾನ್ ನರಮಂಡಲದಲ್ಲಿ ಕೈಯಿಡುವ ಜಾಗವೇ ಬೇರೆ. ಅದಕ್ಕೆ ಪ್ರಯೋಗಾಲಯದ ಗ್ಯಾಸ್ ಕ್ರೊಮಾಟೋಗ್ರಫಿ ಯಂತ್ರವೇ ಆಗಬೇಕು, ಹುಡುಕುವುದಾದರೆ ನೀರಿಗಿಂತ ತೋಡು ಕೆರೆಗಳ ಹೂಳಿನಲ್ಲಿ ಹುಡುಕಬೇಕು. ಲೋಹದ ಪಟ್ಟಿ ಬಣ್ಣ ತಿರುಗಲಿಲ್ಲ ಎಂದು ಆ ಭಯಕ್ಕೆ ಸಮಾಧಾನ ಹೇಳಿಕೊಳ್ಳುವ ಹಾಗಿಲ್ಲ.

ನೀರು ಪರೀಕ್ಷೆಗೆ ಕೊಡುವಾಗ 'ಕುಡಿಯುವ ನೀರಿನ ಟೆಸ್ಟ್' ಎಂದಷ್ಟೇ ಹೇಳಿದರೆ ಪಿ.ಎಚ್., ಕಬ್ಬಿಣ, ಗಡಸುತನ, ಕೋಲಿಫಾರ್ಮ್ ಬ್ಯಾಕ್ಟೀರಿಯಾ ನೋಡಿ ಕಳಿಸಿಬಿಡುತ್ತಾರೆ. ಸೀಸ, ತಾಮ್ರ, ಕ್ಯಾಡ್ಮಿಯಂ ಎಂದು ಹೆಸರು ಹಿಡಿದು ಬರೆದುಕೊಡಿ. ಕೇರಳ ಜಲ ಪ್ರಾಧಿಕಾರದ ಪ್ರಯೋಗಾಲಯದಲ್ಲಿ ಮೊದಲು ಕೇಳಿ, ಅಲ್ಲಿ ಆಗದಿದ್ದರೆ ಕೋಯಿಕ್ಕೋಡಿನ ಕುನ್ನಮಂಗಲದ ಜಲಸಂಪನ್ಮೂಲ ಕೇಂದ್ರ ಸಿ.ಡಬ್ಲ್ಯು.ಆರ್.ಡಿ.ಎಂ. ಇದೆ. ಒಂದು ಬಾಟಲಿ ಸಾಲದು. ಬೆಳಗ್ಗೆ ನಲ್ಲಿ ತಿರುಗಿಸಿದೊಡನೆ ಬರುವ ನೀರು ಒಂದರಲ್ಲಿ, ಐದು ನಿಮಿಷ ಹರಿಸಿದ ಮೇಲಿನದ್ದು ಇನ್ನೊಂದರಲ್ಲಿ, ಸುರಂಗದ ಬಾಯಲ್ಲೇ ಹಿಡಿದದ್ದು ಮೂರನೆಯದರಲ್ಲಿ. ಮೊದಲನೆಯದರಲ್ಲಿ ಮಾತ್ರ ಲೋಹ ಸಿಕ್ಕಿದರೆ ಅಪರಾಧಿ ನಲ್ಲಿ ಪೈಪು, ಮೂರರಲ್ಲೂ ಸಿಕ್ಕಿದರೆ ಗುಡ್ಡೆ. ವರದಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಬಂದೀತು. ಕನ್ನಡದಲ್ಲಿ ಕೇಳುವ ಹಕ್ಕು ನಮಗಿದೆ ಎಂಬುದು ಬೇರೆ ಜಗಳ. ಸದ್ಯಕ್ಕೆ ಅಂಕಿಗಳ ಕಾಲಂ ನೋಡಿ ಮೇಲಿನ ಮಿತಿಗಳ ಜೊತೆ ತಾಳೆ ಹಾಕಿ.

ಮಗನಿಗೆ ಒಂದು ಮಾತು. ಜೀನ್ ಬದಲಿಸಿದ ಜೀವಂತ ಬ್ಯಾಕ್ಟೀರಿಯಾವನ್ನು ಮನೆಗೆ ತರುವಂತಿಲ್ಲ, ಅದಕ್ಕೆ 1989ರ ನಿಯಮಗಳಿವೆ, ಅನುಮತಿ ಪಡೆದ ಪ್ರಯೋಗಾಲಯದೊಳಗೇ ನಡೆಯಬೇಕು. ಕಾಲೇಜಿನಲ್ಲಿ ಮಾಡುವುದಾದರೆ ತಾಮ್ರದಿಂದ ಶುರುಮಾಡಲಿ. ತಾಮ್ರದ ಒಪ್ಪಿತ ಮಿತಿ ಸೀಸದ್ದಕ್ಕಿಂತ 150 ಪಟ್ಟು ಹೆಚ್ಚು, ಸೆನ್ಸರಿಗೆ ಆ ಕೆಲಸ ಅಷ್ಟರಮಟ್ಟಿಗೆ ಹಗುರ. ಕೆರೆಯ ಒಂದೇ ನೀರನ್ನು ಎರಡು ಪಾಲು ಮಾಡಿ, ಒಂದು ಸೆನ್ಸರಿಗೆ, ಒಂದು ಪ್ರಯೋಗಾಲಯಕ್ಕೆ. ಸೆನ್ಸರಿನ ಪಾಲಿನ ಒಂದು ಗುಟುಕಿಗೆ ಗೊತ್ತಿರುವಷ್ಟು ತಾಮ್ರ ಬೆರೆಸಿ ಅದು ಹೊಳೆಯುತ್ತದೆಯೇ ಎಂದು ಪ್ರತಿಸಲ ನೋಡಲಿ. ಹೊಳೆಯದಿದ್ದರೆ ಬ್ಯಾಕ್ಟೀರಿಯಾ ಸತ್ತಿದೆ, ಆ ದಿನದ 'ಇಲ್ಲ' ಎಂಬ ಉತ್ತರಕ್ಕೆ ಬೆಲೆಯಿಲ್ಲ. ಲೋಹ ವಿಪರೀತ ಇದ್ದು ಬ್ಯಾಕ್ಟೀರಿಯಾ ಸತ್ತಿತೇ ಎಂದು ತಿಳಿಯಲು ಹತ್ತು ಪಟ್ಟು ತೆಳು ಮಾಡಿದ ನೀರನ್ನೂ ಜೊತೆಗೆ ಪರೀಕ್ಷಿಸಲಿ. ಪ್ರಯೋಗಾಲಯಕ್ಕೆ ಹೋಗುವ ಬಾಟಲಿಗೆ ಲೋಹ ಗೋಡೆಗೆ ಅಂಟದಂತೆ ನೈಟ್ರಿಕ್ ಆಮ್ಲ ಹಾಕುತ್ತಾರೆ, ಸೆನ್ಸರಿನ ಬಾಟಲಿಗೆ ಹಾಕಬಾರದು. ಎರಡಕ್ಕೂ ಬೇರೆ ಬೇರೆ ಬಣ್ಣದ ಮುಚ್ಚಳ ಇರಲಿ, ಅದಲುಬದಲಾದರೆ ಪಾಪ ಬ್ಯಾಕ್ಟೀರಿಯಾ ತಾಮ್ರ ನೋಡುವ ಮೊದಲೇ ಆಮ್ಲಕ್ಕೆ ಬಲಿಯಾದೀತು.